ತವರು ಮರೆಸಿದ ಫಿಲ್ಮು

ಉಮಾಶಂಕರ್ ಮೇಷ್ಟ್ರು ನೆಗೆಟಿವಿನ ತುಂಡೊಂದನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿ, "ಇವಳು ಹೆಸರು ಬದಲಾಯಿಸ್ಕೊಂಡು ಬಂದ ಸೊಸೆ ಕಣ್ರಪ್ಪಾ" ಎಂದಾಗ ಕೂಟದವರೆಲ್ಲ ನಕ್ಕರು. ಮುರಳಿಮೋಹನನೂ ನಕ್ಕ. ಆ ನಗು ತುಟಿಯಿಂದ ಇಳಿಯುವ ಮೊದಲೇ ಮೇಷ್ಟ್ರನ್ನು ಕೊಲ್ಲಬೇಕೆಂದು ಅವನು ನಿಶ್ಚಯಿಸಿದ.

ಕೋಲಾರದಲ್ಲಿ ಈಗಲೂ ಕಪ್ಪು-ಬಿಳುಪು ಫಿಲ್ಮಿನ ಹುಚ್ಚು ಹಿಡಿಸಿಕೊಂಡವರದ್ದೊಂದು ಕೂಟವಿತ್ತು. ಮುರಳಿಮೋಹನನ ಸ್ಟುಡಿಯೋದ ಮಹಡಿಯಲ್ಲಿ ಅವರು ಸೇರುತ್ತಿದ್ದರು. ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿ ನಿವೃತ್ತರಾಗಿದ್ದ ಮೇಷ್ಟ್ರಿಗೆ ಅಲ್ಲಿ ಒಂದು ಆಟ. ಪ್ರಪಂಚದಲ್ಲಿ ಫಿಲ್ಮು ತಯಾರಿಸುವ ಕಾರ್ಖಾನೆಗಳು ಬೆರಳೆಣಿಕೆಯಷ್ಟು. ಅದನ್ನೇ ಕೊಂಡು ಹೊಸ ಡಬ್ಬಿಗೆ ತುಂಬಿ ಹೊಸ ಹೆಸರಿನಲ್ಲಿ ಮಾರುವವರು ನೂರಾರು. ಯಾರಾದರೂ ಅಂಥದ್ದೊಂದು ಸುರುಳಿ ತಂದರೆ ಮೇಷ್ಟ್ರು ಅದನ್ನು ಎಳೆದು, ಮೂಸಿ, ಅಂಚನ್ನು ಉಗುರಿನಿಂದ ಗೀರಿ, "ಇದರ ತವರು ಇಂಥದ್ದು" ಎನ್ನುತ್ತಿದ್ದರು. ಸಾಮಾನ್ಯವಾಗಿ ಅವರ ಮಾತು ಸುಳ್ಳಾಗುತ್ತಿರಲಿಲ್ಲ.

ಈ ಸಲ ಅವರ ಕೈಯಲ್ಲಿದ್ದದ್ದು "ಶತಶೃಂಗ". ಅದು ಮುರಳಿಮೋಹನನ ಫಿಲ್ಮು. ಮದುವೆ ಫೋಟೋಗಳನ್ನೆಲ್ಲ ಡಿಜಿಟಲ್ ಹುಡುಗರು ಬಾಚಿಕೊಂಡು, ಅವನ ಸ್ಟುಡಿಯೋ ಪಾಸ್‌ಪೋರ್ಟ್ ಫೋಟೋಗೆ ಇಳಿದಿದ್ದಾಗ ಅವನನ್ನು ಎತ್ತಿ ನಿಲ್ಲಿಸಿದ ಫಿಲ್ಮು. ನರಸಾಪುರದ ಹತ್ತಿರ ಒಂದು ಶೆಡ್ಡು ಹಿಡಿದು, ಬೆಳ್ಳಿಯ ಉಪ್ಪನ್ನು ಜೆಲಟಿನ್ನಿನಲ್ಲಿ ಕಲಸಿ ತಾನೇ ಲೇಪ ಹಾಕುತ್ತೇನೆಂದು ಅವನು ಹೇಳಿಕೊಂಡಿದ್ದ. ಪತ್ರಿಕೆಗಳಲ್ಲಿ ಅವನ ಚಿತ್ರ ಬಂತು. ಬೆಂಗಳೂರಿನಿಂದ ಬರುವ ಹುಡುಗ ಹುಡುಗಿಯರು ಅವನ ಕಾಲಿಗೆ ಬೀಳತೊಡಗಿದರು. ಒಬ್ಬಂಟಿಯಾಗಿ ಫಿಲ್ಮು ಸೃಷ್ಟಿಸಿದವನು ಎಂದು ಸಭೆಗಳಲ್ಲಿ ಹಾರ ಹಾಕಿದರು.

ನಿಜವಾಗಿ ಆ ಶೆಡ್ಡಿನಲ್ಲಿದ್ದದ್ದು ಒಂದು ಕತ್ತರಿಸುವ ಯಂತ್ರ. ಶ್ರೀಧರ್ ಎಂಬ ಗುಜರಿ ವ್ಯಾಪಾರಿ ಯಾವುದೋ ಹರಾಜಿನಲ್ಲಿ ಹಿಡಿದ, ಹೆಸರು ಕಿತ್ತುಹೋದ ತಗಡಿನ ಡಬ್ಬಗಳನ್ನು ತಂದು ಹಾಕಿದ್ದ. ಒಳಗೆ ಅಗಲವಾದ ಫಿಲ್ಮಿನ ದಪ್ಪ ಸುರುಳಿಗಳು. "ಆಫೀಸ್‌ಗಳಲ್ಲಿ ಹಳೇ ಕಾಗದಪತ್ರ ಫೋಟೋ ತೆಗೆದಿಡೋಕೆ ತರಿಸಿದ್ದು ಸಾರ್, ಯಾರಿಗೂ ಬೇಡ" ಎಂದಿದ್ದ ಶ್ರೀಧರ್. ಮುರಳಿಮೋಹನ ಮತ್ತೆ ಕೇಳಲಿಲ್ಲ. ಕತ್ತಲಲ್ಲಿ ಕತ್ತರಿಸಿ, ಕಪ್ಪು ಕಾಗದ ಸುತ್ತಿ, ಚೀಟಿ ಅಂಟಿಸಿದ. ತನ್ನ ಫಿಲ್ಮು ಅಂದರೆ ಕಚೇರಿಯ ಕಸ ಎಂಬುದು ಅವನೊಬ್ಬನಿಗೇ ಗೊತ್ತಿದ್ದ ಸಂಗತಿ.

"ಮುರಳಿ ನಾನೇ ಹೆತ್ತೆ ಅಂತಾನೆ. ನಂಗ್ಯಾಕೋ ದತ್ತು ತಗೊಂಡಿದಾನೆ ಅನ್ಸುತ್ತೆ" ಎಂದು ಮೇಷ್ಟ್ರು ತುಂಡನ್ನು ಜೇಬಿಗೆ ಹಾಕಿಕೊಂಡರು. "ಭಾನುವಾರ ಎಲ್ರೂ ಆವನಿ ಬೆಟ್ಟಕ್ಕೆ ಹೋಗ್ತೀವಲ್ಲ, ಅಲ್ಲಿ ಹೇಳ್ತೀನಿ ಇವಳ ತವರು ಯಾವುದು ಅಂತ."

"ಹೇಳಿ ಸಾರ್, ನಾನೂ ತಿಳ್ಕೋತೀನಿ" ಎಂದ ಮುರಳಿಮೋಹನ. ಮತ್ತೆ ಎಲ್ಲರೂ ನಕ್ಕರು.

ಮೂವತ್ತು ವರ್ಷದ ಸ್ನೇಹ. ಮುರಳಿಮೋಹನ ಮೊದಲು ಸ್ಟುಡಿಯೋ ಇಟ್ಟಾಗ ಟೇಪು ಕತ್ತರಿಸಿದವರು ಮೇಷ್ಟ್ರೇ. ಅವರ ಹೆಂಡತಿ ಭಾರತಮ್ಮನನ್ನು ಅವನು ಅಕ್ಕಾ ಎಂದೇ ಕರೆಯುತ್ತಿದ್ದ. ಇದೆಲ್ಲ ಅವನಿಗೆ ನೆನಪಾಗಲಿಲ್ಲವೆಂದಲ್ಲ. ನೆನಪಾಯಿತು, ಉಪಯೋಗಕ್ಕೂ ಬಂತು. ಇಷ್ಟು ಹತ್ತಿರದವನ ಮೇಲೆ ಯಾರು ಸಂಶಯಪಡುತ್ತಾರೆ?

ಯೋಜನೆ ತಾನಾಗಿಯೇ ಆಕಾರ ಪಡೆಯಿತು. ಆವನಿ ಬೆಟ್ಟ ಹತ್ತಿದ ಮೇಲೆ ಎಲ್ಲರೂ ತಮಗೆ ಬೇಕಾದ ಬೆಳಕು ಹುಡುಕಿಕೊಂಡು ಚದುರಿಹೋಗುವುದು ವಾಡಿಕೆ. ಮೇಷ್ಟ್ರು ಮಾತ್ರ ಪ್ರತಿ ಸಲವೂ ಬೆಟ್ಟದ ಹಿಂಬದಿಯ ದೊಣೆಯ ಹತ್ತಿರ ಹೋಗುತ್ತಿದ್ದರು. ನೀರಿನಲ್ಲಿ ಬಂಡೆಯ ನೆರಳು ತೆಗೆಯುವುದು ಅವರ ಚಟ. ದೊಣೆಯ ಪಕ್ಕ ಬಂಡೆ ಜಾರಿ ಕೆಳಗೆ ಕೊರಕಲು. ವಯಸ್ಸಾದವರು, ಕ್ಯಾಮೆರಾದಲ್ಲಿ ಕಣ್ಣಿಟ್ಟು ಹಿಂದೆ ಹೆಜ್ಜೆ ಇಟ್ಟರು, ಬಿದ್ದರು. ಇದಕ್ಕಿಂತ ಸಹಜವಾದ ಸಾವು ಇನ್ನೇನಿದೆ?

ಬರೀ ತಳ್ಳಿದರೆ ಬದುಕಿ ಉಳಿದಾರು. ಮೊದಲು ಕಲ್ಲು, ಆಮೇಲೆ ಕೊರಕಲು. ಕಲ್ಲು ಎಂದರೆ ರಕ್ತ. ಅವನು ಯೋಚಿಸಿದ್ದು ಅದನ್ನೇ ಹೆಚ್ಚು. ದೇಹ ಸಿಕ್ಕಾಗ ತಾನೇ ಮೊದಲು ಕೊರಕಲಿಗೆ ಇಳಿಯುವುದು, ಎತ್ತಿ ಎದೆಗವಚಿಕೊಳ್ಳುವುದು. ಆಗ ಬಟ್ಟೆಯ ಮೇಲೆ ಎಷ್ಟು ರಕ್ತವಿದ್ದರೂ ಅದಕ್ಕೆ ಕಾರಣ ಎಲ್ಲರ ಕಣ್ಣೆದುರಿಗೇ ಇರುತ್ತದೆ. ಕಷ್ಟವಿರುವುದು ಕೊಂದ ಹೊತ್ತಿಗೂ ಹುಡುಕುವ ಹೊತ್ತಿಗೂ ನಡುವೆ. ಆ ಅಷ್ಟು ಹೊತ್ತು ಅವನು ಜನರ ಮಧ್ಯೆ ಶುಭ್ರವಾಗಿ ಕಾಣಬೇಕು. ಕಂಡದ್ದಕ್ಕೆ ಸಾಕ್ಷಿ ಇರಬೇಕು.

ಒಂದು ಕರಿ ಅಂಗಿ ಕೊಂಡ. ಪಾಲಿಯೆಸ್ಟರ್, ಇದ್ದಿಲಿನ ಹಾಗೆ ಕಪ್ಪು. ತನ್ನ ಗುರುತು ಹತ್ತದ ಊರೆಂದು ಶ್ರೀನಿವಾಸಪುರಕ್ಕೆ ಹೋಗಿ, ನಾಯಿಗೆ ಬೇಕೆಂದು ಹೇಳಿ ಕೋಳಿ ಅಂಗಡಿಯಿಂದ ರಕ್ತ ತಂದ. ಅಂಗಿಯ ಒಳಮಡಿಕೆಯಿಂದ ಕತ್ತರಿಸಿದ ಚೂರಿಗೆ ಅದನ್ನು ಚಿಮುಕಿಸಿ ಬಿಸಿಲಿಗೆ ಹಿಡಿದು ನೋಡಿದ. ಹಸಿಯಿದ್ದಾಗಲೂ ಕಾಣಲಿಲ್ಲ, ಒಣಗಿದ ಮೇಲೂ ಕಾಣಲಿಲ್ಲ. ಮೊಬೈಲಿನಲ್ಲಿ ಫೋಟೋ ತೆಗೆದು ಹಿಗ್ಗಿಸಿ ನೋಡಿದ. ಕಪ್ಪೋ ಕಪ್ಪು. ಆಮೇಲೆ ಆ ಚೂರನ್ನು ನೀರೊಲೆಗೆ ಹಾಕಿ, ಕೈ ತೊಳೆದು, ಹಸಿವಾಗಿದೆಯೆಂದು ಮುದ್ದೆ ಹಾಕಿಸಿಕೊಂಡು ಉಂಡ.

ಭಾನುವಾರ ಮುಳಬಾಗಿಲಿನಲ್ಲಿ ಇಡ್ಲಿ ತಿಂದು ಕೂಟ ಬೆಟ್ಟ ಹತ್ತಿತು. ಭಾರತಮ್ಮ ಎಲ್ಲರಿಗೂ ಚಿತ್ರಾನ್ನ ಕಟ್ಟಿಕೊಟ್ಟಿದ್ದರು. ಆ ಚೀಲ ಹೊತ್ತವನು ಮುರಳಿಮೋಹನ. ಮೇಲೆ ಮಂಟಪದ ಬಳಿ ಅದನ್ನಿಟ್ಟು, ಜನ ಚದುರಿದ ಮೇಲೆ, ಪೊದೆಗಳ ಮರೆಯಲ್ಲಿ ದೊಣೆಯ ಕಡೆ ನಡೆದ.

ಮೇಷ್ಟ್ರು ಬಗ್ಗಿಕೊಂಡು ಕ್ಯಾಮೆರಾದ ಸ್ಟ್ಯಾಂಡು ಸರಿಮಾಡುತ್ತಿದ್ದರು. "ಬಂದ್ಯಾ? ಬಾರೋ ಬಾರೋ. ನೀನೊಬ್ನೇ ಸಿಗ್ಲಿ ಅಂತಾನೇ ಇದ್ದೆ."

"ಏನ್ ಸಾರ್?"

"ನಿನ್ ಫಿಲ್ಮಿನ ತವರು ಸಿಕ್ತು. ಒರೇಯ್ ಮುರಳಿ, ಅದೇನು ಅಂತ ನಿಂಗೂ ಗೊತ್ತಿಲ್ಲ ಕಣೋ! ಗೊತ್ತಿದ್ದಿದ್ರೆ ಹಿಂಗೆ ಬಚ್ಚಿಡ್ತಾ ಇರ್ಲಿಲ್ಲ, ತಲೆ ಮೇಲೆ ಹೊತ್ಕೊಂಡು ಮೆರೀತಿದ್ದೆ." ಅವರು ಮೈಯೆಲ್ಲ ಕುಲುಕಿಸಿ ನಕ್ಕರು.

ಆ ನಗುವಿನಲ್ಲಿ ಅವನಿಗೆ ಅಣಕವಲ್ಲದೆ ಬೇರೇನೂ ಕೇಳಿಸಲಿಲ್ಲ. ಅವರು ಮತ್ತೆ ಕ್ಯಾಮೆರಾದ ಕಡೆ ಬಗ್ಗಿದಾಗ ಕೈಗೆ ಸಿಕ್ಕ ಕಲ್ಲಿನಿಂದ ಹೊಡೆದ.

ಏಟು ಸಾಲಲಿಲ್ಲ. ಮೇಷ್ಟ್ರು ಮಂಡಿಯೂರಿ, ತಲೆ ಹಿಡಿದುಕೊಂಡು, ಮೇಲಿನ ಬಂಡೆಗಳತ್ತ ನೋಡಿದರು. "ಮುರಳೀ... ಕಲ್ಲು ಉರುಳ್ತು ಕಣೋ ಮೇಲಿಂದ. ನೀನ್ ಹುಷಾರು. ನನ್ ಹಿಡ್ಕೋ" ಎಂದು ಅವನ ಕಡೆಗೇ ಕೈ ಚಾಚಿದರು. ಅವನು ಆ ಕೈಯನ್ನು ಹಿಡಿದ. ಎಡಗೈಯಲ್ಲಿ ಗಟ್ಟಿಯಾಗಿ ಹಿಡಿದು, ಅಲುಗದ ಹಾಗೆ ಮಾಡಿಕೊಂಡು, ಬಲಗೈಯಲ್ಲಿ ಇನ್ನೊಂದು ಸಲ ಹೊಡೆದ. ಆಮೇಲೆ ದೇಹ, ಕ್ಯಾಮೆರಾ, ಕಲ್ಲು ಮೂರನ್ನೂ ಕೊರಕಲಿಗೆ ನೂಕಿದ.

ದೊಣೆಯ ನೀರಿನಲ್ಲಿ ಮುಖ, ಕೈ ತೊಳೆದ. ಮೊಬೈಲಿನಲ್ಲಿ ಮುಖ ನೋಡಿಕೊಂಡ. ಅಂಗಿಯ ಮೇಲೆ ಬೆರಳಾಡಿಸಿದರೆ ಅಲ್ಲಲ್ಲಿ ತೇವ ಹತ್ತುತ್ತಿತ್ತು. ಕಣ್ಣಿಗೆ ಏನೂ ಇರಲಿಲ್ಲ. ಕೋಳಿಯ ರಕ್ತಕ್ಕೂ ಮನುಷ್ಯನ ರಕ್ತಕ್ಕೂ ಇದರಲ್ಲಿ ಏನೂ ಭೇದವಿಲ್ಲ ಎಂದುಕೊಂಡು ಮಂಟಪಕ್ಕೆ ಬಂದ.

ಅಲ್ಲಿ ಎಲ್ಲರೊಡನೆ ಹರಟಿದ. ಅವರಿವರ ಮೊಬೈಲು ಇಸಕೊಂಡು ತಾನೂ ಸೇರಿ ಫೋಟೋ ತೆಗೆಸಿಕೊಂಡ. ಮಾಲೂರಿನ ಮೌನಿಕಾ ಅವಸರದಲ್ಲಿದ್ದಳು. ನರಸಾಪುರದ ಫ್ಯಾಕ್ಟರಿಯಲ್ಲಿ ಕೆಲಸ, ಮಧ್ಯಾಹ್ನದ ಶಿಫ್ಟಿಗೆ ಕಂಪನಿ ಬಸ್ಸು ಹಿಡಿಯಬೇಕು.

"ಮೇಷ್ಟ್ರು ಇನ್ನೂ ಬಂದಿಲ್ವಲ್ಲ ಸಾರ್. ಗ್ರೂಪ್ ಫೋಟೋ ಹೆಂಗೆ?" ಎಂದಳು.

"ಅವ್ರು ನೀರು ಕಂಡ್ರೆ ಏಳಲ್ಲ ಬಿಡಮ್ಮ. ನೀನು ತೆಗಿ. ಅವ್ರಿಗೆ ನನ್ ಪಕ್ಕ ಜಾಗ ಬಿಟ್ಟಿರೋಣ. ಬಂದ್ಮೇಲೆ ಇನ್ನೊಂದು ತೆಗೆದ್ರಾಯ್ತು."

ಅವಳ ಪೆಟ್ಟಿಗೆ ಕ್ಯಾಮೆರಾದಲ್ಲಿದ್ದದ್ದು ಶತಶೃಂಗವೇ. ಮುಂದೆ ಕಡುಗೆಂಪು ಗಾಜಿನ ಫಿಲ್ಟರು ಸಿಕ್ಕಿಸಿದಳು. ಆಕಾಶ ಕಪ್ಪಾಗಿ ಮೋಡ ಎದ್ದು ಬರಲೆಂದು ಎಲ್ಲರೂ ಕೆಂಪು ಫಿಲ್ಟರು ಹಾಕುವುದುಂಟು, ಇವಳದ್ದು ಇನ್ನಷ್ಟು ಕಡು. "ಭೇಷ್, ಮೋಡ ಚೆನ್ನಾಗಿ ಬರ್ತವೆ" ಎಂದು ಮೆಚ್ಚಿ, ಬಿಸಿಲು ನೇರವಾಗಿ ಮೈಮೇಲೆ ಬೀಳುವ ಕಡೆ ಅವನೇ ಎಲ್ಲರನ್ನೂ ನಿಲ್ಲಿಸಿದ. ತಾನು ಮಧ್ಯದಲ್ಲಿ ನಿಂತ. ಪಕ್ಕದಲ್ಲಿ ಒಬ್ಬರು ನಿಲ್ಲುವಷ್ಟು ಜಾಗ. ಫೋಟೋ ತೆಗೆದವಳೇ ಮೌನಿಕಾ ಕ್ಯಾಮೆರಾ ಹೊತ್ತು ಬಸ್ಸಿಗೆ ಓಡಿದಳು.

ಮುಂದಿನದೆಲ್ಲ ಬರೆದಿಟ್ಟ ಹಾಗೆ ನಡೆಯಿತು. ಹುಡುಕಾಟ, ಕೂಗಾಟ, ಕೊರಕಲಿನಲ್ಲಿ ಬಿಳಿ ಪಂಚೆಯ ತುದಿ. ಮುರಳಿಮೋಹನ ಮುಳ್ಳು ಗೀರಿಸಿಕೊಂಡು ಮೊದಲು ಇಳಿದ. ಒಡೆದ ತಲೆಯನ್ನು ಎದೆಗೊತ್ತಿಕೊಂಡು, ಮೇಲಿನಿಂದ ಎಲ್ಲರಿಗೂ ಕೇಳುವ ಹಾಗೆ ಅತ್ತ. ಅಳು ನಿಜವಾಗಿಯೇ ಬಂದದ್ದು ಅವನಿಗೇ ಆಶ್ಚರ್ಯವಾಯಿತು.

ಸಬ್ ಇನ್ಸ್‌ಪೆಕ್ಟರ್ ಕದಿರೇಶ್ ಮೇಷ್ಟ್ರ ಹಳೇ ಶಿಷ್ಯ. ಎಲ್ಲರ ಮೊಬೈಲಿನ ಫೋಟೋಗಳನ್ನು ಒಂದೊಂದಾಗಿ ನೋಡಿದ. ಮುರಳಿಮೋಹನ ತಾನಾಗಿಯೇ ಅಂಗಿ ಬಿಚ್ಚಿಕೊಟ್ಟ. "ಎತ್ಕೊಂಡಿದ್ದೀರಿ, ರಕ್ತ ಆಗೇ ಆಗಿರುತ್ತೆ ಬಿಡಿ ಸಾರ್" ಎಂದು ಕದಿರೇಶ್ ಅದನ್ನು ಕವರಿಗೆ ಹಾಕಿದ. ಕಾಲು ಜಾರಿ ಬಿದ್ದು ಸಾವು ಎಂದು ಎಲ್ಲರೂ ಒಪ್ಪಿಕೊಂಡರು.

ವೈಕುಂಠ ಸಮಾರಾಧನೆ ಮುಗಿದ ಮೇಲೆ ಕೂಟದವರು ಕೋಲಾರದಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟರು. ಮುಂದಿನ ಸಾಲಿನಲ್ಲಿ ಭಾರತಮ್ಮ, ಅವರ ಹಿಂದೆ ಕದಿರೇಶ್. ಮುರಳಿಮೋಹನ ಮಾತಾಡಿದ. "ನನ್ನ ಫಿಲ್ಮಿನ ಗುಟ್ಟು ಗೊತ್ತಿದ್ದದ್ದು ಮೇಷ್ಟ್ರಿಗೊಬ್ಬರಿಗೇ. ಲೇಪ ಹಾಕುವಾಗ ನನ್ನ ಜೊತೆ ನಿಂತು ದಾರಿ ತೋರಿಸಿದವರು ಅವರು" ಎಂದಾಗ ಭಾರತಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಸತ್ತವರು ಇಷ್ಟು ಚೆನ್ನಾಗಿ ಕೆಲಸಕ್ಕೆ ಬರುತ್ತಾರೆಂದು ಅವನು ಎಣಿಸಿರಲಿಲ್ಲ. ಕೊನೆಗೆ ಮೌನಿಕಾ ಎದ್ದು, ಗೋಡೆಗೆ ತೂಗುಹಾಕಿದ್ದ ದೊಡ್ಡ ಚಿತ್ರದ ಬಟ್ಟೆ ಸರಿಸಿದಳು.

"ಮೇಷ್ಟ್ರು ಹೇಳ್ಬೇಕು ಅಂತಿದ್ದ ವಿಷಯ ಇದು" ಎಂದಳು. "ಹಿಂದಿನ ದಿನ ನಂಗೆ ಫೋನ್ ಮಾಡಿದ್ರು. ಮುರಳಿ ಸಾರ್ ಫಿಲ್ಮು ವಿಮಾನದಿಂದ ಭೂಮಿ ಸರ್ವೆ ಮಾಡೋಕೆ ಬಳಸೋ ಜಾತಿಯದು, ತುಂಬಾ ಅಪರೂಪ, ನಮ್ ಕಣ್ಣಿಗೆ ಕಾಣದ ಕೆಂಪಿನಾಚೆಯ ಬೆಳಕೂ ಕಾಣುತ್ತೆ ಅದಕ್ಕೆ, ಕಡುಗೆಂಪು ಫಿಲ್ಟರ್ ಹಾಕಿ ತೆಗಿ, ಹಸಿರೆಲೆ ಬೆಳ್ಳಗಾಗುತ್ತೆ, ಕರಿ ಬಟ್ಟೆ ಬಣ್ಣ ಕಳಚ್ಕೊಳ್ಳುತ್ತೆ, ಮುರಳಿಗೆ ಎಲ್ರೆದುರಿಗೂ ತೋರಿಸಿ ಖುಷಿಪಡಿಸೋಣ ಅಂದಿದ್ರು." ಚಿತ್ರದಲ್ಲಿ ಬೆಟ್ಟದ ಗಿಡಮರಗಳೆಲ್ಲ ಹೂ ಬಿಟ್ಟ ಹಾಗೆ ಬೆಳ್ಳಗಿದ್ದವು. ನಡುವೆ ಖಾಲಿ ಜಾಗ, ಅದರ ಪಕ್ಕ ನಗುತ್ತಿರುವ ಮುರಳಿಮೋಹನ. ಕದಿರೇಶ್ ಎದ್ದು ಹತ್ತಿರ ಹೋದ. ಭಾರತಮ್ಮ ಕೂತಲ್ಲಿಂದಲೇ ಕೇಳಿದರು: "ಮುರಳೀ, ಇದು ಅವ್ರನ್ನ ಹುಡುಕೋಕೆ ಹೋಗೋಕ್ ಮುಂಚೆ ತೆಗೆದಿದ್ದಲ್ವಾ?" ಅವನು ಚಿತ್ರದತ್ತ ತಿರುಗಿ ನೋಡಿದ. ಮೊಬೈಲಿನಲ್ಲಿ, ಬಿಸಿಲಿನಲ್ಲಿ, ಕೋಳಿಯ ರಕ್ತದಲ್ಲಿ ಎಲ್ಲ ಪರೀಕ್ಷೆ ಮಾಡಿದ್ದ. ತನ್ನ ಫಿಲ್ಮಿನಲ್ಲಿ ಮಾತ್ರ ಮಾಡಿರಲಿಲ್ಲ. ಗೋಡೆಯ ಮೇಲೆ ಅವನ ಕರಿ ಅಂಗಿ ಒಗೆದು ಒಣಹಾಕಿದ ಹಾಗೆ ತಿಳಿಬಣ್ಣಕ್ಕೆ ತಿರುಗಿತ್ತು, ಬಲತೋಳಿನಿಂದ ಎದೆಯ ಜೇಬಿನವರೆಗೆ ಮೇಷ್ಟ್ರ ರಕ್ತ ಹನಿಹನಿಯಾಗಿ ಕಪ್ಪಗೆ ಕಾಣುತ್ತಿತ್ತು.