ಮುಂಗೋಣೆಯ ಬೆಳ್ಳಿ

ಬೆಳ್ಳಿ ಸಾಮಾನು ಹಿಲ್ಲೆಗೊಂಡಳ ಅಮ್ಮನದು. ಒಂದು ಬಟ್ಟಲು, ಉಪ್ಪಿನ ಪಾತ್ರೆ, ಒಂದಷ್ಟು ಚಮಚ. ಮೊದಲ ಗಂಡ ಸತ್ತು ಕಷ್ಟಪಟ್ಟ ದಿನಗಳಲ್ಲೂ ಅವಳು ಅದನ್ನು ಮಗಳು ಅಲೈಡಾಳಿಗೆಂದೇ ಜೋಪಾನ ಮಾಡಿದ್ದಳು. ಆದರೆ ಯೋರಿಸನನ್ನು ಕಟ್ಟಿಕೊಂಡ ದಿನವೇ ಹಾಲೆಂಡಿನ ಕಾಯಿದೆಯಂತೆ ಅವಳ ಜೊತೆಗೆ ಬೆಳ್ಳಿಯೂ ಅವನ ಸುಪರ್ದಿಗೆ ಹೋಗಿತ್ತು. ಬೀಗದ ಕೈಗೊಂಚಲು ಮಾತ್ರ ಅವಳ ಸೊಂಟದಲ್ಲಿ ತೂಗುತ್ತಿತ್ತು. ಈಗ ಯೋರಿಸ್ ಅದನ್ನು ಮಾರಿ ತಿಮಿಂಗಿಲ ಬೇಟೆಯ ಹಡಗೊಂದರಲ್ಲಿ ಪಾಲು ಕೊಳ್ಳಲು ಹೊರಟಿದ್ದ.

"ಅದು ಅಲೈಡಾಗೆ ಅಂತ ಇಟ್ಟಿದ್ದು ಕಣ್ರೀ."

"ಊರು ಕಾಯೋನು ನಾನು, ಮನೆ ಕಾಯೋಳು ನೀನು. ವ್ಯಾಪಾರದ ಮಾತೆಲ್ಲ ನಿಂಗ್ಯಾಕೆ?" ಎಂದ ಯೋರಿಸ್, ಚೀಸ್ ಕತ್ತರಿಸುತ್ತ. ಹೋರ್ನ್ ಪಟ್ಟಣದ ಕಾವಲು ದಳದಲ್ಲಿ ಅವನಿಗೊಂದು ಕಿತ್ತಳೆ ನಡುಪಟ್ಟಿಯೂ ಬಂದೂಕೂ ಇದ್ದವು. ಬಂದೂಕು ಇದುವರೆಗೆ ಹೆದರಿಸಿದ್ದು ಬಾತುಕೋಳಿಗಳನ್ನು ಮಾತ್ರ.

ಸರಿ, ಮನೆ ಕಾಯುವವಳೇ ಮನೆಗೆ ಕನ್ನ ಹಾಕಲು ತೀರ್ಮಾನಿಸಿದಳು.

ಕಾವಲು ದಳದ ಮೆರವಣಿಗೆಯ ದಿನವನ್ನೇ ಆರಿಸಿಕೊಂಡಳು. ಊರಿನ ಗಂಡಸರೆಲ್ಲ ಊರಿನ ರಕ್ಷಣೆಗೆಂದು ತಮಟೆ ಬಾರಿಸುತ್ತ ಹೋದಾಗ ಬೀದಿಗಳಲ್ಲಿ ನರಪಿಳ್ಳೆಯೂ ಇರುವುದಿಲ್ಲ. ಕೆಲಸದ ಹುಡುಗಿ ಲೈಸ್ಬೆತಳನ್ನು ಮೀನು ತರಲು ಬಂದರಿಗೆ ಕಳಿಸಿದಳು. ಸತ್ತ ಗಂಡನ ಹಳೆಯ ಬೂಟು ಮೆಟ್ಟಿ, ಹಿತ್ತಲ ಕಾಲುವೆಯ ಕೆಸರಿನಲ್ಲಿ ಅದ್ದಿ, ಅಡುಗೆಮನೆಯ ಕಿಟಕಿಯ ಚಿಲಕವನ್ನು ಹೊರಗಿನಿಂದ ಮೀಟಿ ಒಳಗೆ ಇಳಿದಳು. ಹಜಾರದುದ್ದಕ್ಕೂ ಗಂಡಸಿನ ದಾಪುಗಾಲು ಹಾಕಿದಳು. ಮುಂಗೋಣೆಗೆ ಹೋಗಿ, ಸೊಂಟದಲ್ಲಿ ಕೀಲಿ ಇದ್ದರೂ, ಬೀರುವಿನ ಬೀಗವನ್ನು ಸಲಾಕೆಯಿಂದ ಒಡೆದಳು. ಮರ ಸೀಳಿದ ಸದ್ದಿಗೆ ಅಮ್ಮನೇ ಹಿಂದೆ ನಿಂತು ನೋಡುತ್ತಿರುವಂತೆ ಅನಿಸಿತು. ತನ್ನದನ್ನೇ ಕದಿಯುವುದಕ್ಕೂ ಇಷ್ಟು ನಾಚಿಕೆ ಆಗುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

ಬೆಳ್ಳಿ ಬೆಣ್ಣೆಯ ಕೊಡದ ತಳ ಸೇರಿತು. ಗಂಡಸರು ಬೆಣ್ಣೆ ತಿನ್ನುತ್ತಾರೆ, ಅದರೊಳಗೆ ಕೈ ಹಾಕುವುದಿಲ್ಲ. ಕೊಡ ಸಂಜೆಯ ದೋಣಿಯಲ್ಲಿ ಎಡಾಮಿನಲ್ಲಿರುವ ಮಗಳ ಮನೆಗೆ ಹೋಗುತ್ತದೆ. ಬೂಟುಗಳಿಗೆ ಕಲ್ಲು ಕಟ್ಟಿ ಕಾಲುವೆಗೆ ಹಾಕಿದಳು. ಆಮೇಲೆ ಪಕ್ಕದ ಮನೆಯ ಕಥಲೈನಳ ಜೊತೆ ಹೆಣಿಗೆ ಹಿಡಿದು ಕುಳಿತು, ಅವಳನ್ನೇ ಸಾಕ್ಷಿಗೆ ಕರೆತಂದು, ಬಾಗಿಲು ತೆಗೆದು, ಕಿಟಾರನೆ ಕಿರುಚಿದಳು. ಕಿರುಚಾಟ ಚೆನ್ನಾಗಿಯೇ ಬಂತು.

ಅವಳು ಎಣಿಸಿದ ಕಳ್ಳ ಯಾರೋ ದಾರಿಹೋಕ, ಹೆಸರಿಲ್ಲದವನು. ಆದರೆ ಸುದ್ದಿ ತಿಳಿದು ಬಂದ ದಂಡಾಧಿಕಾರಿಗೆ ಹೆಸರು ಬೇಕಿತ್ತು.

"ನೇರವಾಗಿ ಬೀರುವಿಗೇ ಹೋಗಿದಾನೆ. ಒಳಗಿನೋರೇ ಯಾರೋ ದಾರಿ ತೋರ್ಸಿದಾರೆ," ಎಂದ ಅವನು ಹಜಾರದಲ್ಲಿ ನಿಂತು, ಕೆಲಸದ ಹುಡುಗಿಯತ್ತ ತಿರುಗಿ. "ಏನಮ್ಮಾ, ಬಂದರಿನಲ್ಲಿ ನಾವಿಕರ ಜೊತೆ ಹಲ್ಲು ಕಿರಿಯುತ್ತಿದ್ಯಂತೆ?"

"ಮೀನು ತರೋಕ್ಕೆ ಹೋಗಿದ್ದೆ ಸ್ವಾಮಿ! ಅಮ್ಮಾ, ನೀವಾದ್ರೂ ಹೇಳಿ!" ಲೈಸ್ಬೆತಳ ಕೈಯಲ್ಲಿ ಮೀನಿನ ಬುಟ್ಟಿ ಇನ್ನೂ ಹಾಗೇ ಇತ್ತು.

ಕಳ್ಳಿಯರನ್ನು ಚಾಟಿಯಿಂದ ಹೊಡೆದು, ಹೆಂಗಸರಿಂದ ನೂಲು ತೆಗೆಸುವ ಸೆರೆಮನೆಗೆ ತಳ್ಳುತ್ತಾರೆ. ಹಿಲ್ಲೆಗೊಂಡಳಿಗೆ ಅದು ಗೊತ್ತಿತ್ತು. ಬಾಯಿ ತೆರೆದಳು, ಬೆಣ್ಣೆಯ ಕೊಡ ಕಣ್ಣಿಗೆ ಬಿತ್ತು, ಮುಚ್ಚಿದಳು. ದೋಣಿ ಹೊರಟ ಮೇಲೆ ಹೇಗಾದರೂ ಬಿಡಿಸಿದರಾಯಿತು ಎಂದು ತನಗೆ ತಾನೇ ಹೇಳಿಕೊಂಡಳು. ಅದು ಸುಳ್ಳೆಂದು ಹೇಳಿಕೊಳ್ಳುವಾಗಲೇ ಗೊತ್ತಾಗಿ, ಹುಡುಗಿಯ ಮುಖ ನೋಡಲಾರದೆ ತಲೆ ತಗ್ಗಿಸಿದಳು. ಅಧಿಕಾರಿ ಲೈಸ್ಬೆತಳ ತೋಳು ಹಿಡಿದ.

ಅಷ್ಟರಲ್ಲಿ ಯೋರಿಸ್ ನಡುಪಟ್ಟಿಯಲ್ಲೇ ಏದುಸಿರು ಬಿಡುತ್ತ ಬೀದಿಬಾಗಿಲಿನಿಂದ ನುಗ್ಗಿದ. "ಎಲ್ಲಿ? ಬೀರು ಎಲ್ಲಿ ಒಡೆದಿದಾನೆ?" ಎನ್ನುತ್ತ ಬಂದವನು ಮುಂಗೋಣೆಯ ಹೊಸ್ತಿಲಲ್ಲಿ ಗಕ್ಕನೆ ನಿಂತ. ಇಷ್ಟು ವರ್ಷ ಹೆಂಡತಿಯಿಂದ ಬೈಸಿಕೊಂಡ ಅಭ್ಯಾಸದಿಂದ, ಅಂಥ ಹೊತ್ತಿನಲ್ಲೂ, ಬೂಟು ಕಳಚಲು ಬಗ್ಗಿದ. ಬಗ್ಗಿದವನು ಮೇಲೇಳಲೇ ಇಲ್ಲ. ಅಡುಗೆಮನೆಯಿಂದ ಬಂದ ಕಳ್ಳನ ಕೆಸರು ಹೆಜ್ಜೆಗಳು ಅವನ ಕಾಲ ಬಳಿ ಬಂದು, ಅಲ್ಲಿಂದಲೇ ಹಿಂದಿರುಗಿದ್ದವು. ಹೊಸ್ತಿಲಿನಾಚೆ, ಒಡೆದ ಬೀರುವಿನ ಬುಡದವರೆಗೂ, ಕಪ್ಪು ಬಿಳಿ ಹಾಸುಗಲ್ಲುಗಳು ಬೆಳಿಗ್ಗೆ ಹಿಲ್ಲೆಗೊಂಡ ಒರೆಸಿದಂತೆಯೇ ಫಳಫಳ ಹೊಳೆಯುತ್ತಿದ್ದವು. "ಹಿಲ್ಲೆ," ಎಂದ ಅವನು, ಕಳಚಿದ ಒಂದು ಬೂಟನ್ನು ಕೈಯಲ್ಲಿ ಹಿಡಿದು, ಮೆಲ್ಲಗೆ, "ನಿನ್ನ ಕಳ್ಳ ಬೂಟು ಕಳಚಿ ಒಳಗೆ ಹೋಗಿದಾನಲ್ಲೇ." ಅಧಿಕಾರಿ ಲೈಸ್ಬೆತಳ ತೋಳು ಬಿಟ್ಟು ಇವಳತ್ತ ತಿರುಗಿದ.