ಅವನು ಅಳಿಸಿದ ಮಂತ್ರಮಂಡಲ

"ಅದನ್ನ ಯಾಕೆ ಅಳಿಸ್ತಿದ್ದೀರಿ?"

ಊನಾ ಗಾರ್ಸೈಡ್‌ಳ ದನಿ ಸ್ಟುಡಿಯೋದ ಆಚೆ ತುದಿಗೂ ಕೇಳಿಸಿತು. ಎರಡು ದಿನ ಮೊಣಕಾಲೂರಿ ಅವಳು ಹೊಳೆಯುವ ಬಣ್ಣದಲ್ಲಿ ನೆಲಕ್ಕೆ ಬರೆದಿದ್ದ ಮಾಟದ ವೃತ್ತ, ಆ ಮಂತ್ರಮಂಡಲ, ಅರ್ಧ ಮಾಯವಾಗಿತ್ತು. ಒದ್ದೆ ಬಟ್ಟೆ ಹಿಡಿದು ಕೂತಿದ್ದವನು ಸ್ಟುಡಿಯೋದ ಉಸ್ತುವಾರಿ ನೋಡುವ ಫ್ಲೋರ್ ಮ್ಯಾನೇಜರ್ ಎಮ್ರಿಸ್ ಪ್ರಾಸರ್.

"ಇದು ಬೇಡ," ಎಂದ ತಲೆ ಎತ್ತದೆ.

"ಬೇಡ ಅನ್ನೋಕೆ ನೀವ್ಯಾರು?"

ಅವನು ಮತ್ತೊಂದು ಗೆರೆಯ ಮೇಲೆ ಬಟ್ಟೆ ಉಜ್ಜಿದ.

ಅದು ೧೯೭೨ರ ಮಾರ್ಚ್, ಲೀಡ್ಸ್ ನಗರ. ವಾರಕ್ಕೊಂದು ಭಯದ ಕಥೆ ತೋರಿಸುವ ಟಿವಿ ಸರಣಿ. ಈ ಕಂತಿನಲ್ಲಿ ಮುದುಕಿ ಮಾಟಗಾತಿಯೊಬ್ಬಳು ಸತ್ತ ಮಗಳನ್ನು ಮರಳಿ ಕರೆಯಬೇಕು. ಸೆಟ್‌ನ ಪೂರ್ತಿ ಹೊಣೆ ಊನಾಳಿಗೆ ಸಿಕ್ಕಿದ್ದು ಇದೇ ಮೊದಲು. ಸಂಜೆ ಐದಕ್ಕೆ ಸ್ಟುಡಿಯೋ ಬಿಟ್ಟುಕೊಡಬೇಕು. ಮಂಡಲವಿಲ್ಲದಿದ್ದರೆ ಆ ದೃಶ್ಯವೇ ಇಲ್ಲ.

"ವೇಲ್ಸ್‌ನ ಪಾದ್ರಿ ಮಗ ಕಣೇ ಅವನು," ಎಂದು ನಕ್ಕಳು ಉಡುಪು ನೋಡಿಕೊಳ್ಳುವ ಬೆರಿಲ್. "ಸೈತಾನ ನಿಜವಾಗ್ಲೂ ಎದ್ದು ಬಂದ್ರೆ ಅಂತ ಪುಕುಪುಕು."

ಸುತ್ತಲಿದ್ದವರೂ ನಕ್ಕರು. ಎಮ್ರಿಸ್ ಬಟ್ಟೆ ಹಿಂಡಿದ.

ಮೂರು ವಾರದಿಂದ ಇವನ ಮೆಲುದನಿಗೆ ಕಿವಿಗೊಡುತ್ತಿದ್ದ ತನ್ನ ಮೇಲೇ ಊನಾಳಿಗೆ ಸಿಟ್ಟು ಬಂತು. ಇವನ ಭಯಕ್ಕೆ ನನ್ನ ಕೆಲಸ ಹಾಳಾಗಬೇಕಾ? ಬಿಡಲ್ಲ... ಬಣ್ಣ ಒಣಗುವಷ್ಟು ಹೊತ್ತಿರಲಿಲ್ಲ; ಸೀಮೆಸುಣ್ಣ ತಂದು ಮತ್ತೆ ಮೊಣಕಾಲೂರಿದಳು.

ಸ್ವಲ್ಪ ಹೊತ್ತಿಗೆ, ಮಾಟಗಾತಿಯ ಪಾತ್ರದ ನಟಿ, ಎಪ್ಪತ್ತು ವರ್ಷದ ಡೀಲಿಯಾ ಕ್ರೋಹರ್ಸ್ಟ್ ಕುರ್ಚಿ ಎಳೆದುಕೊಂಡು ಪಕ್ಕ ಕೂತರು.

"ಅವನ ಮೇಲೆ ಕೋಪ ಬೇಡಮ್ಮ. ಬೆಳಿಗ್ಗೆ ನಿನ್ನ ಆ ಹೊಳೆಯೋ ಬಣ್ಣದ ಮೇಲೆ ನಾನು ಜಾರಿದೆ. ಅವನೇ ಹಿಡ್ಕೊಂಡ."

"ಜಾರುತ್ತೆ ಅಂತ ನನಗೆ ಹೇಳಬಹುದಿತ್ತಲ್ಲ?"

"ಯಾರು ಜಾರಿದ್ದು ಅಂತ ಕೇಳ್ತಾರೆ. ನನ್ನ ಮೊಣಕಾಲು ಕೆಟ್ಟಿದೆ ಅಂತ ಗೊತ್ತಾದ್ರೆ ಮತ್ತೆ ಪಾತ್ರ ಕೊಡೋರ್ಯಾರು? ಯಾರಿಗೂ ಹೇಳಲ್ಲ ಅಂತ ನಾನೇ ಮಾತು ತಗೊಂಡೆ."

ಊನಾಳ ಕೈ ನಿಂತಿತು. ಅಷ್ಟು ಜನರ ನಗುವನ್ನು ಅವನು ನುಂಗಿಕೊಂಡಿದ್ದು ಇದಕ್ಕಾ...

ಅವಳು ನೇರ ಎಮ್ರಿಸ್‌ನ ಬಳಿ ಹೋದಳು.

"ವೃತ್ತ ಎಳೆಯೋಕೆ ಈ ದಾರದ ತುದಿ ಹಿಡ್ಕೊಳ್ಳಿ. ಸೀಮೆಸುಣ್ಣ ಜಾರಲ್ಲ. ಒಬ್ಬಳೇ ಬರೆದ್ರೆ ಐದಕ್ಕೆ ಮುಗಿಯಲ್ಲ."

ಅವನು ದಾರ ಹಿಡಿದು ಮಂಡಿಯೂರಿದ.

ನಾಲ್ಕೂಕಾಲಿಗೆ ಕ್ಯಾಮೆರಾ ಓಡಿತು. ಮಂಡಲದ ನಡುವೆ ನಿಂತು ಡೀಲಿಯಾ ಮಗಳ ಹೆಸರು ಕೂಗಿದಾಗ ಬೆರಿಲ್ ಕೂಡ ಕಣ್ಣೊರೆಸಿಕೊಂಡಳು. ಒಂದೇ ಸಲಕ್ಕೆ ದೃಶ್ಯ ಮುಗಿಯಿತು.

"ಕ್ಷಮಿಸಿ," ಎಂದಳು ಊನಾ, ದೀಪಗಳು ಒಂದೊಂದಾಗಿ ಆರುವಾಗ. "ನಿಮ್ಮನ್ನ ಹೇಡಿ ಅಂದ್ಕೊಂಡೆ."

"ಒಂದು ವಿಷಯದಲ್ಲಿ ಹೇಡಿನೇ. ಮೂರು ವಾರದಿಂದ ನಿಮ್ಮನ್ನ ಟೀಗೆ ಕರೀಬೇಕು ಅಂತಿದ್ದೀನಿ... ಬಾಯೇ ಬರ್ತಿಲ್ಲ."

ಅವಳು ಕೈಗೆ ಮೆತ್ತಿದ್ದ ಸೀಮೆಸುಣ್ಣ ಒರೆಸಿಕೊಂಡಳು.

"ಹಾಗಾದ್ರೆ ನಾನೇ ಕರೀತೀನಿ. ಭಾನುವಾರ ಬೆಳಿಗ್ಗೆ ರೈಲಿಗೆ ಸ್ಕಾರ್ಬರೋ ಕಡಲತೀರಕ್ಕೆ ಹೋಗೋಣ."

"ಭಾನುವಾರ ಬೆಳಿಗ್ಗೆ ಚರ್ಚ್ ಇರುತ್ತೆ."

"ಶನಿವಾರ."

"ಶನಿವಾರ ಮಳೆ ಅಂತೆ."

"ಬರಲಿ ಬಿಡು. ನೀನು ಬರ್ತೀಯಾ?"

ಅವನು ಮೊದಲ ಬಾರಿಗೆ ಅವಳ ಕಣ್ಣನ್ನೇ ನೋಡಿದ.

"ಬರ್ತೀನಿ, ಊನಾ."