ಬಿಚ್ಚಿ ಮತ್ತೆ ಹಾಕಿದ ಗುಂಡಿ

"ಅಯ್ಯೋ ದೇವರೇ! ಅಮ್ಮನ ಕೈ ಕಟ್ಟಿಹಾಕಿದ್ದಾಳಲ್ಲಾ!"

ದೂರದೂರಿನಿಂದ ಬಂದ ಮಗಳು ಬಾಗಿಲಲ್ಲೇ ಚೀಲ ಕೆಳಗೆ ಬಿಟ್ಟು ಕೂಗಿದ ಆ ಕೂಗಿಗೆ ತಟ್ಟೆಯಲ್ಲಿದ್ದ ಬಟಾಣಿ ಕಾಳುಗಳೂ ಬೆಚ್ಚಿಬಿದ್ದವೇನೋ... ಗುಂಡಿಯಮ್ಮ ಅಷ್ಟು ಹೊತ್ತು ಏಗಿ ಏಗಿ ಚಮಚಕ್ಕೆ ಹತ್ತಿಸಿಕೊಂಡಿದ್ದ ಕಾಳೆಲ್ಲ ಉರುಳಿ ನೆಲ ಸೇರಿದವು. ಅವಳು ತಲೆ ಎತ್ತಿದಳು. ಗಲ್ಲದ ಮೇಲೆ ಸೂಪಿನ ಹನಿ, ಎದೆಯ ಮೇಲೆ ಒದ್ದೆ ಟವೆಲು. ಸೋತ ಬಲಗೈಯಲ್ಲಿ ಬಟ್ಟೆ ಸುತ್ತಿ ದಪ್ಪ ಮಾಡಿದ ಚಮಚ. ಏನೂ ಆಗದ, ಗಟ್ಟಿಮುಟ್ಟಾದ ಎಡಗೈ ಮಾತ್ರ ಹತ್ತಿ ತುಂಬಿದ ಒಂದು ಪುಟ್ಟ ಚೀಲದೊಳಗೆ ಸೇರಿ, ಮಣಿಕಟ್ಟಿನಲ್ಲಿ ಲಾಡಿ ಕಟ್ಟಿಸಿಕೊಂಡು ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ಎದುರು ಕುರ್ಚಿಯಲ್ಲಿ ಕೂತಿದ್ದ ಸೊಸೆ ಎದ್ದೇಳಲೂ ಇಲ್ಲ.

"ಬಿದ್ದಿದ್ದು ಬಿದ್ದುಹೋಯ್ತು ಬಿಡಿ. ಮತ್ತೆ ತಗೊಳ್ಳಿ ಅತ್ತೆ," ಎಂದಳು.

"ಮತ್ತೆ ತಗೋಬೇಕಾ? ನಿನ್ನ ಎದೇಲಿರೋದು ಹೃದಯವಾ, ಇಸ್ತ್ರಿಪೆಟ್ಟಿಗೆಯಾ?" ಮಗಳು ಓಡಿಬಂದು ಲಾಡಿ ಬಿಚ್ಚಿ ಚೀಲ ಕಿತ್ತೆಸೆದಳು. "ಒಂದು ತುತ್ತು ತಿನ್ನಿಸೋಕೆ ಆಗಲ್ವಾ ನಿಂಗೆ?"

"ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡೋರೇ ಹೇಳಿದ್ದು ಅಕ್ಕಾ. ಒಳ್ಳೇ ಕೈ ಎಲ್ಲಾ ಕೆಲಸ ಕಸ್ಕೊಂಡ್ರೆ ಈ ಕೈ ಏಳೋದೇ ಇಲ್ವಂತೆ. ದಿನಾ ಸ್ವಲ್ಪ ಹೊತ್ತು, ಕೂತಿರುವಾಗ ಮಾತ್ರ... ಅತ್ತೇನೂ ಒಪ್ಪಿದ್ದಾರೆ."

"ಅವರು ಹೇಳಿರಬಹುದು. ಮಾಡೋಕೆ ನಿಂಗೆ ಇಷ್ಟು ಉತ್ಸಾಹ ಯಾಕೆ ಅಂತ ನಂಗೊತ್ತು! ಹಳೇ ಸೇಡು!"

ಸೊಸೆಯ ಮುಖ ಬಿಳಿಚಿಕೊಂಡಿತು. ಅವಳು ಬಗ್ಗಿ ನೆಲದ ಮೇಲಿನ ಕಾಳು ಆಯತೊಡಗಿದಳು. ಗುಂಡಿಯಮ್ಮ ತಟ್ಟೆಯತ್ತ ಕಣ್ಣು ಹೊರಳಿಸಿದಳು... ಏಕೆಂದರೆ ಮಗಳು ಬಾಯಿಬಿಟ್ಟು ಅಂದದ್ದನ್ನು ಅವಳು ಎಷ್ಟೋ ಸಲ ಮನಸ್ಸಿನಲ್ಲೇ ಅಂದುಕೊಂಡಿದ್ದಳು.

ಆ ಬೀದಿಯಲ್ಲಿ ಅವಳಿಗೆ ಗುಂಡಿಯಮ್ಮ ಎಂದು ಹೆಸರು ಬಿದ್ದದ್ದೇ ಅವಳ ಬೆರಳುಗಳಿಂದ. ಕೋಟಿಗೆ ಗುಂಡಿ ಹಚ್ಚುವುದಿರಲಿ, ಗುಂಡಿಯ ಕಿಂಡಿಗೆ ದಾರ ಸುತ್ತುವುದಿರಲಿ, ಅವಳ ಕೈಹೊಲಿಗೆಗೆ ಸರಿಸಾಟಿ ಇರಲಿಲ್ಲ. ಸುತ್ತಲಿನ ದರ್ಜಿಗಳೆಲ್ಲ ಆ ಕೆಲಸವನ್ನು ಅವಳ ಮುಂಗೋಣೆಗೇ ಕಳಿಸುತ್ತಿದ್ದರು. ಕೈ ಎಷ್ಟು ನಯವೋ ನಾಲಿಗೆ ಅಷ್ಟೇ ಚೂಪು! ಮದುವೆಯಾಗಿ ಬಂದ ಸೊಸೆ ಸೂಜಿ ಹಿಡಿದ ದಿನದಿಂದ ಒಂದೇ ಮಾತು: "ಬಿಚ್ಚು. ಮತ್ತೆ ಹೊಲಿ." ಗಿರಾಕಿಗಳ ಎದುರಿಗೂ ಅಷ್ಟೇ, ನೆಂಟರ ಎದುರಿಗೂ ಅಷ್ಟೇ. ಒಮ್ಮೆ ಒಂದೇ ಕಾಲರನ್ನು ಬಿಚ್ಚಿ ಬಿಚ್ಚಿ ಬಟ್ಟೆಯೇ ಜಾಳಾಗಿ, ಹುಡುಗಿಯ ಕಣ್ಣಿಂದ ಟಪ್ಪೆಂದು ಹನಿ ಉದುರಿದಾಗ, "ಕಣ್ಣೀರು ಬಟ್ಟೆ ಮೇಲೆ ಬೀಳಿಸಬೇಡ, ಕಲೆ ಆಗುತ್ತೆ. ಆ ಕಡೆ ಹೋಗಿ ಅಳು," ಎಂದಿದ್ದಳು ಈ ಮಹಾತಾಯಿ!

ಆಮೇಲೊಂದು ಬೆಳಿಗ್ಗೆ ಸೂಜಿಗೆ ದಾರ ಪೋಣಿಸಲು ಹೋದವಳ ಕೈ ಕೂತಲ್ಲೇ ಜಾರಿ ಬಿತ್ತು. ಮಿದುಳಿಗೆ ರಕ್ತದ ಹರಿವು ನಿಂತಿತ್ತಂತೆ. ದೇವರ ದಯೆ... ಜೀವ ಉಳಿಯಿತು. ತೊದಲು ತೊದಲಾಗಿ ಮಾತು ಬಂತು. ಕೋಲು ಹಿಡಿದು ನಡೆಯುವಷ್ಟು ಕಾಲು ಬಂತು. ಕೈ ಮಾತ್ರ, ಯಾರೋ ಬಸ್ಸಿನಲ್ಲಿ ಮರೆತುಹೋದ ಸಾಮಾನಿನ ಹಾಗೆ ಪಕ್ಕದಲ್ಲಿ ತೂಗಾಡುತ್ತಿತ್ತು. ತಿಂಗಳುಗಳ ಮೇಲೆ ಭುಜ ಅಲುಗಿತು, ಮೊಣಕೈ ಮಡಚಿತು, ಬೆರಳು ಮಿಸುಕಿತು. ಆಗ ಬಂದದ್ದು ಈ ಚೀಲ. ಅಂದಿನಿಂದ ಬಟ್ಟೆಪಟ್ಟಿಯೊಂದಕ್ಕೆ ದೊಡ್ಡ ದೊಡ್ಡ ಗುಂಡಿ ಹೊಲಿದು ಮುಂದಿಟ್ಟು ಸೊಸೆ ಹೇಳುತ್ತಿದ್ದದ್ದೂ ಅದೇ ಹಳೆಯ ರಾಗ: "ಬಿಚ್ಚಿ ಅತ್ತೆ. ಮತ್ತೆ ಹಾಕಿ."

ಗುಂಡಿಯಮ್ಮ ದಿನಾ ಸೊಸೆಗೂ ಕೇಳಿಸುವಂತೆ ದೇವರಲ್ಲಿ ಬೇಡುತ್ತಿದ್ದದ್ದು ಒಂದೇ. ಹೊಲಿಗೆ ಬೇಡ, ಹೆಸರು ಬೇಡ. ಬೆಳಗಿನ ಪ್ರಾರ್ಥನೆಗೆ ಎರಡು ಕೈ ಜೋಡಿಸುವಂತಾದರೆ ಸಾಕು. ಒಂದೇ ಕೈ ಎತ್ತಿ ಕರೆದರೆ ಅವನನ್ನು ಅರ್ಧ ಕರೆದ ಹಾಗೆ ಅನಿಸುತ್ತಿತ್ತು ಅವಳಿಗೆ.

ಬಸ್ಸು ಓಡಿಸುವ ಮಗ ಸಂಜೆ ಮನೆಗೆ ಬಂದಾಗ ಅಕ್ಕ ಮುಖ ಊದಿಸಿಕೊಂಡು ಕೂತಿದ್ದಳು, ಹೆಂಡತಿ ಪಾತ್ರೆ ಕುಕ್ಕುತ್ತಿದ್ದಳು.

"ನೋಡ್ರಪ್ಪಾ, ಬಸ್ಸು ತುಂಬಾ ಜನರ ಜಗಳ ಕೇಳಿ ಬಂದಿದ್ದೀನಿ. ಇಲ್ಲಾದ್ರೂ ನಂಗೊಂದು ಸೀಟು ಕೊಡಿ," ಎಂದು ನಗಿಸಲು ನೋಡಿದ. ಯಾರೂ ನಗಲಿಲ್ಲ.

"ಭಾನುವಾರ ಅಮ್ಮನ್ನ ನಮ್ಮನೆಗೆ ಕರ್ಕೊಂಡ್ಹೋಗ್ತೀನಿ," ಎಂದಳು ಅಕ್ಕ. "ರಾಣಿ ಹಾಗೆ ನೋಡ್ಕೋತೀನಿ!"

ಅಲ್ಲಿಯತನಕ ರಾಣಿಯ ಉಪಚಾರ ಇಲ್ಲೇ ಶುರುವಾಯಿತು. ಮಗಳು ತಿನ್ನಿಸಿದಳು, ಕುಡಿಸಿದಳು, ತಲೆ ಬಾಚಿದಳು, ಹೊದಿಕೆ ಸರಿಮಾಡಿದಳು. ಆಹಾ, ಎಂಥ ಸುಖ! ಚಮಚದ ಹಿಂದೆ ಓಡುವ ಕಷ್ಟವಿಲ್ಲ, ಸೋತೆನೆಂಬ ನಾಚಿಕೆಯಿಲ್ಲ. ಹೆತ್ತ ಮಗಳ ಕೈ ತುಟಿ ಒರೆಸುವಾಗ ಗುಂಡಿಯಮ್ಮನ ಕಣ್ಣು ತುಂಬುತ್ತಿತ್ತು. ಆದರೆ ಮಡಿಲಲ್ಲಿ ಬಿದ್ದಿದ್ದ ಬಲಗೈ ಚಳಿಗೆ ಮುದುರಿದ ಬೆಕ್ಕಿನ ಮರಿಯಂತೆ ದಿನದಿಂದ ದಿನಕ್ಕೆ ಒಳಗೊಳಗೆ ಸುರುಳಿಯಾಗುತ್ತಿತ್ತು. ಶುಕ್ರವಾರ ಯಾರೂ ಇಲ್ಲದಾಗ ಚಮಚ ಎತ್ತಲು ನೋಡಿದಳು. ಬೆರಳು ಮಾತು ಕೇಳಲಿಲ್ಲ.

ಮರುದಿನ ಮಧ್ಯಾಹ್ನ ಮಗಳು ಮಲಗಿದ್ದಳು. ಬಾಯಾರಿಕೆಯಾಗಿ ಗುಂಡಿಯಮ್ಮ ಕೋಲೂರಿಕೊಂಡು ಅಡುಗೆಮನೆಯ ಬಾಗಿಲಿಗೆ ಬಂದಳು. ಬಂದವಳು ಹಾಗೇ ನಿಂತುಬಿಟ್ಟಳು!

ಸೊಸೆ ಮಣೆಯ ಮೇಲೆ ಕೂತು ಊಟ ಮಾಡುತ್ತಿದ್ದಳು. ಅವಳ ಬಲಗೈ ಆ ಹತ್ತಿಯ ಚೀಲದೊಳಗಿತ್ತು. ಅಭ್ಯಾಸವಿಲ್ಲದ ಎಡಗೈಯಲ್ಲಿ ದಪ್ಪ ಚಮಚ. ಬಟಾಣಿ ಹತ್ತುತ್ತಿತ್ತು, ಉರುಳುತ್ತಿತ್ತು. ಕೊರಳಿನ ಕೆಳಗೆಲ್ಲ ಸೂಪಿನ ಕಲೆ. "ಥೂ, ಇಲ್ಲೇ ಜಾರೋದು ನೀನು," ಎಂದು ಕಾಳನ್ನು ಗದರಿಸಿ, ಬಟ್ಟಲಿನ ಅಂಚಿಗೆ ಒತ್ತಿ ನೋಡಿದಳು. ಈ ಸಲ ಕಾಳು ಬಾಯಿ ಸೇರಿತು.

ಗುಂಡಿಯಮ್ಮನಿಗೆ ಒಂದೊಂದಾಗಿ ಹೊಳೆಯಿತು. ಒಂದು ದಿನ ಇದ್ದಕ್ಕಿದ್ದಂತೆ ದಪ್ಪವಾದ ಚಮಚದ ಹಿಡಿ... ಸರಿಯದಂತೆ ತಟ್ಟೆಯ ಕೆಳಗೆ ಬಂದ ಒದ್ದೆ ಬಟ್ಟೆ... ಇವೆಲ್ಲ ಆಸ್ಪತ್ರೆಯವರು ಹೇಳಿದ್ದೆಂದುಕೊಂಡಿದ್ದಳಲ್ಲ! ತನಗೆ "ಮತ್ತೆ" ಎನ್ನುವ ಮೊದಲು ಈ ಹುಡುಗಿ ಒಳಗೆ ಕೂತು ತಾನೇ ಸೋತು ಸೋತು ನೋಡುತ್ತಿದ್ದಳೇ?

ಕೋಲಿನ ಸದ್ದಿಗೆ ಸೊಸೆ ಗಾಬರಿಯಾಗಿ ಚೀಲ ಬೆನ್ನ ಹಿಂದೆ ಮುಚ್ಚಿಟ್ಟುಕೊಂಡಳು.

"ಏನೇ... ಇದು?"

"ಏನಿಲ್ಲ ಅತ್ತೆ. ಎಲ್ಲಿ ಜಾರುತ್ತೆ ಅಂತ ನಂಗೂ ಗೊತ್ತಾಗಬೇಕಲ್ಲ... ಸುಮ್ನೆ ಎದುರು ಕೂತು ಮಾಡಿ ಮಾಡಿ ಅನ್ನೋದು ಸುಲಭ."

"ನೀನು ನಂಗೆ... ಸೇಡು..."

"ಸೇಡಾ!" ಸೊಸೆ ಕಣ್ಣೀರಿನ ನಡುವೆಯೇ ನಕ್ಕಳು. "ಆಗ ನಿಮ್ಮನ್ನ ಎಷ್ಟು ಬೈಕೊಂಡಿದ್ದೀನಿ ಗೊತ್ತಾ? ನೀವು ಕೇಳಿಸ್ಕೊಂಡಿದ್ರೆ ಆವತ್ತೇ ತೌರಿಗೆ ಕಳಿಸ್ತಿದ್ರಿ! ಆದ್ರೆ ಇವತ್ತು ನಿಮ್ಮ ಕೆಲಸ ನಾನು ಹಿಡಿದಿದ್ದೀನಲ್ಲ, ಯಾವ ಗಿರಾಕಿಗೂ ವ್ಯತ್ಯಾಸ ಗೊತ್ತಾಗಿಲ್ಲ. ಅದು ನೀವು ಬಿಚ್ಚಿಸಿದ್ದರ ಪುಣ್ಯ. ನಂಗೆ ಕಲಿಸೋಕೆ ಗೊತ್ತಿರೋದೂ ಅದೊಂದೇ ದಾರಿ ಅತ್ತೆ." ಆಮೇಲೆ ತಲೆ ತಗ್ಗಿಸಿ, ಕೈಯಿಂದ ಚೀಲ ಬಿಚ್ಚಿ ಮುಂದೆ ಹಿಡಿದಳು. "ನಾಳೆ ಹೋಗೋದಾದ್ರೆ ಇದನ್ನ ಮರೀಬೇಡಿ. ಅಕ್ಕ ಬೈದ್ರೂ ಹಾಕ್ಕೊಳ್ಳಿ..."

ಗುಂಡಿಯಮ್ಮ ಕೋಲನ್ನು ಗೋಡೆಗೆ ಒರಗಿಸಿ, ಚೀಲ ತೆಗೆದುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಭಾನುವಾರ ಬಾಗಿಲಿಗೆ ಬಾಡಿಗೆ ಕಾರು ಬಂತು. ಮಗಳು ತಾಯಿಗೆ ಉಣ್ಣೆಯ ಅಂಗಿ ತೊಡಿಸಿ, ಸರಸರನೆ ಮೇಲಿಂದ ಕೆಳಗಿನವರೆಗೆ ಗುಂಡಿ ಹಾಕಿದಳು. "ನಡಿಯಮ್ಮಾ."

ಗುಂಡಿಯಮ್ಮ ಕುರ್ಚಿಯಿಂದ ಏಳಲಿಲ್ಲ. ಚೀಲ ತೆಗೆದು ಎಡಗೈಯನ್ನು ತಾನೇ ಅದರೊಳಗೆ ತೂರಿಸಿ, ಲಾಡಿಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದು ಬಿಗಿದುಕೊಂಡಳು.

"ಏನಮ್ಮಾ ಇದು? ಈಗ ಯಾಕೆ?"

ಬಲಗೈ ಮಡಿಲಿಂದ ಎದ್ದಿತು. ದಾರಿ ತಪ್ಪಿ ಭುಜಕ್ಕೆ ತಾಗಿ, ಮತ್ತೆ ಇಳಿದು, ಅಂಗಿಯ ಮೇಲಿನ ಗುಂಡಿಯನ್ನು ತಡಕಿತು. ಜಾರಿತು. ಮತ್ತೆ ತಡಕಿತು. ಸಹಾಯಕ್ಕೆ ಮಗಳು ಕೈ ಚಾಚಿದಳು.

"ಮುಟ್ಟಬೇಡ!"

ಅದು ಹಳೆಯ ದನಿ! ಬಾಗಿಲಲ್ಲಿ ಪೆಟ್ಟಿಗೆ ಹಿಡಿದು ನಿಂತಿದ್ದ ಮಗ ಅದನ್ನು ಮೆಲ್ಲಗೆ ಕೆಳಗಿಟ್ಟ. ಸೊಸೆ ಸೆರಗು ಬಾಯಿಗೊತ್ತಿಕೊಂಡು ಗೋಡೆಗೊರಗಿದಳು. ಹೆಬ್ಬೆರಳು ಗುಂಡಿಯ ಅಂಚು ಹಿಡಿಯಿತು... ತೋರುಬೆರಳು ಬಟ್ಟೆಯನ್ನು ತಳ್ಳಿತು... ಹಣೆಯ ಮೇಲೆ ಬೆವರು... ಗುಂಡಿ ಓರೆಯಾಯಿತು, ಕಿಂಡಿಯಲ್ಲಿ ಇಣುಕಿತು, ಆಚೆ ಬಂತು!

"ನಾನು... ಎಲ್ಲೂ ಬರಲ್ಲ ಕಣೇ," ಎಂದಳು ಗುಂಡಿಯಮ್ಮ.

ಮಗಳು ಕುಸಿದು ತಾಯಿಯ ಮೊಣಕಾಲಿಗೆ ಮುಖ ಒತ್ತಿದಳು. "ನನ್ನ ಪ್ರೀತಿಯಲ್ಲಿ ಏನಮ್ಮಾ ಕಮ್ಮಿಯಾಯ್ತು?"

"ಏನೂ ಇಲ್ಲ, ನನ್ನ ಚಿನ್ನಾ. ನೀನು ತಿನ್ನಿಸಿದೆ, ಹೊಟ್ಟೆ ತುಂಬ್ತು. ಕೈ... ಕೈ ಹಸಿದುಕೊಂಡೇ ಇತ್ತು. ಅದಕ್ಕೆ ಅನ್ನ ಹಾಕೋದು ಇವಳಿಗೆ ಗೊತ್ತು." ತಡೆತಡೆದು, ತಾನು ಅಡುಗೆಮನೆಯಲ್ಲಿ ಕಂಡದ್ದನ್ನೆಲ್ಲ ಹೇಳಿದಳು.

ಮಗಳು ಎದ್ದು ಸೊಸೆಯ ಕೈ ಹಿಡಿದಳು. "ಬಾಯಿಗೆ ಬಂದದ್ದು ಅಂದುಬಿಟ್ಟೆ... ಕಾರು ಕಳಿಸಿಬಿಡ್ತೀನಿ. ನಂಗೂ ಹೇಳಿಕೊಡು. ಅಮ್ಮ ಮುಂದೆ ಯಾವತ್ತಾದ್ರೂ ನಮ್ಮನೆಗೆ ಬಂದ್ರೆ ನಾನೂ ಕಲ್ಲಾಗೋದು ಕಲಿತಿರಬೇಕು," ಎಂದಳು.

"ನೀವು ಬೇಗ ಕಲಿತೀರಾ ಅಕ್ಕಾ, ಅಮ್ಮನ ಮಗಳಲ್ವಾ!" ಎಂದಳು ಸೊಸೆ. ಈ ಸಲ ಎಲ್ಲರೂ ನಕ್ಕರು.

ಗುಂಡಿಯಮ್ಮ ಲಾಡಿ ಬಿಚ್ಚಿಸಿಕೊಂಡು ಸೊಸೆಯನ್ನು ಹತ್ತಿರ ಕರೆದಳು. ಎಡಗೈ ಎದೆಯ ಹತ್ತಿರ ಬಂದು ಕಾಯಿತು. ಬಲಗೈ ನಿಧಾನವಾಗಿ ಬಂದು ಅದನ್ನು ಸೇರಿತು. ಸೊಟ್ಟಗಿತ್ತು, ಬೆರಳು ಪೂರಾ ನೆಟ್ಟಗಾಗಿರಲಿಲ್ಲ. ಆದರೂ ಎರಡು ಅಂಗೈ ಕೂಡಿದ್ದವು.

ಸೊಸೆ ಹೌಹಾರಿ ಆ ಕೈಗಳನ್ನು ಹಿಡಿದುಕೊಂಡಳು. "ಅಯ್ಯೋ ಅತ್ತೆ, ನನಗಲ್ಲ! ಇದು ದೇವರಿಗೆ ಅಂತ ಕಾದಿಟ್ಟಿದ್ದಲ್ವಾ?"

"ಅವನಿಗೆ ನಾಳೆ ಬೆಳಿಗ್ಗೆ ಕೈ ಮುಗೀತೀನಿ. ಅವನಿಗೆ ಕಾಯೋದು ಗೊತ್ತು."

ಸೊಸೆ ಮೂಗೊರೆಸಿಕೊಂಡು, ಅಂಗಿಯ ಕಡೆ ಬೆರಳು ತೋರಿಸಿದಳು. "ಬಿಚ್ಚಿದ್ದು ಮೇಲಿನದೊಂದೇ. ಇನ್ನೂ ಉಳಿದಿವೆ ಅತ್ತೆ..." ಎನ್ನುವಷ್ಟರಲ್ಲಿ ಅವಳ ಕಣ್ಣಿಂದ ದೊಡ್ಡದೊಂದು ಹನಿ ಉಣ್ಣೆಯ ಮೇಲೆ ಉದುರಿತು.

"ಕಣ್ಣೀರು ಬಟ್ಟೆ ಮೇಲೆ ಬೀಳಿಸಬೇಡ, ಕಲೆ ಆಗುತ್ತೆ," ಎಂದಳು ಗುಂಡಿಯಮ್ಮ. ಆದರೆ ಈ ಬಾರಿ ಆ ಕಡೆ ಹೋಗಿ ಅಳು ಎನ್ನಲಿಲ್ಲ. ಸೊಸೆಯನ್ನು ಪಕ್ಕದಲ್ಲೇ ಕೂರಿಸಿಕೊಂಡು, ಎರಡನೆಯ ಗುಂಡಿಗೆ ಬಲಗೈ ಚಾಚಿದಳು.